ಮಂಗಳೂರಿನ ಯೆಹೂದ್ಯ ಗೃಹಸ್ಥನ ಚೀಟಿಗಳು

ಶ್ರಾದ್ಧದ ದಿವಸ ಪುರೋಹಿತರು ಪ್ರಪಿತಾಮಹರ ಹೆಸರನ್ನು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸದೆ ಹೇಳಬಲ್ಲರು. ಹೆಸರು, ಗೋತ್ರ, ಇಷ್ಟು ಬಾಯಿಗೆ ಬರುವುದು. ಆದರೆ ಆ ಹಿರಿಯರು ಯಾವ ಊರಿನಿಂದ ಯಾವ ಊರಿಗೆ ಬಂದರು, ಏಕೆ ಬಂದರು, ಯಾರಲ್ಲಿ ಸಾಲ ಮಾಡಿದರು, ಯಾರಿಗೆ ಕೊಟ್ಟ ಹಣ ಮುಳುಗಿತು, ಅಣ್ಣತಮ್ಮಂದಿರೊಡನೆ ಮುನಿಸು ಹೇಗೆ ಹುಟ್ಟಿತು ಎಂದು ವಿಚಾರಿಸಿದರೆ ಉತ್ತರವಿಲ್ಲ. ಪ್ರಪಿತಾಮಹಿಯ ವಿಷಯವನ್ನಂತೂ ಕೇಳಲೇಬಾರದು. ಆಕೆಯ ತೌರೂರು ಯಾವುದೆಂದು ಬಲ್ಲವರು ಹತ್ತು ಮನೆಗೆ ಒಬ್ಬರು ಸಿಕ್ಕಿದರೆ ಹೆಚ್ಚು. ನಡುವೆ ಸಂದಿರುವುದಾದರೋ ನೂರು, ನೂರಿಪ್ಪತ್ತು ವರ್ಷ ಮಾತ್ರ.

ಹೀಗಿರಲು, ಸುಮಾರು 890 ವರ್ಷಗಳ ಹಿಂದೆ ನಮ್ಮ ಕರ್ಣಾಟಕದ ಕರಾವಳಿಯ ಮಂಗಳೂರಿನಲ್ಲಿ ಮನೆಮಾಡಿಕೊಂಡಿದ್ದ ಒಬ್ಬ ಪರದೇಶದ ಗೃಹಸ್ಥನ ಸಾಲ, ವ್ಯಾಪಾರ, ಮಕ್ಕಳು, ಭಾವಮೈದುನ, ಆಳು, ಅವನಿಗೆ ಉಡುಗೊರೆಯಾಗಿ ಬಂದ ಸಕ್ಕರೆ ಮತ್ತು ಸಾಬೂನು, ಇವೆಲ್ಲವೂ ಇಂದಿಗೆ ತಿಳಿದಿರುವುವೆಂದರೆ ವಾಚಕರು ಆಶ್ಚರ್ಯಪಡದೆ ಇರಲಾರರು. ಅವನು ಅರಸನಲ್ಲ, ಕವಿಯೆಂದು ಹೆಸರಾದವನಲ್ಲ, ಶಾಸನ ಹಾಕಿಸಿದವನೂ ಅಲ್ಲ. ಅವನ ಹೆಸರು ಅಬ್ರಹಾಂ ಬೆನ್ ಯಿಜು, ಜಾತಿಯಿಂದ ಯೆಹೂದ್ಯನು, ಹುಟ್ಟಿದುದು ಆಫ್ರಿಕಾ ಖಂಡದ ಉತ್ತರ ತೀರದಲ್ಲಿ, ಈಗಿನ ಟ್ಯುನೀಷಿಯಾ ದೇಶಕ್ಕೆ ಸೇರಿದ ಮಹದಿಯಾ ಎಂಬ ರೇವುಪಟ್ಟಣದಲ್ಲಿ. ತಂದೆ ಪೆರಹ್ಯನು ತಮ್ಮ ಧರ್ಮಶಾಸ್ತ್ರವನ್ನು ಬಲ್ಲ ಪಂಡಿತನಾಗಿದ್ದನು. ಮಗನು ವ್ಯಾಪಾರಕ್ಕೆಂದು ಈಜಿಪ್ಟಿನ ಮಾರ್ಗವಾಗಿ ಏಡನ್ ರೇವಿಗೆ ಬಂದು, ಅಲ್ಲಿಂದ ಮುಂಗಾರು ಮಾರುತವನ್ನು ನಂಬಿ ಹಡಗೇರಿ, 1132ಕ್ಕೆ ಮೊದಲೇ ನಮ್ಮ ದೇಶವನ್ನು ಸೇರಿದನು.

ಆಗ ಮಂಗಳೂರಿನ ಕಡೆ ಆಳುಪರ ಆಳ್ವಿಕೆ ನಡೆಯುತ್ತಿದ್ದಿತು. ಘಟ್ಟದ ಮೇಲೆ ದೋರಸಮುದ್ರದಲ್ಲಿ ಹೊಯ್ಸಳ ವಿಷ್ಣುವರ್ಧನನು ರಾಜ್ಯವಾಳುತ್ತಿದ್ದನು. ನಮ್ಮ ಕೋಲಾರ ಸೀಮೆಯು ಚೋಳರ ಕೈಬಿಟ್ಟು ಹೊಯ್ಸಳರ ವಶವಾದುದೂ ಆ ಕಾಲದಲ್ಲಿಯೇ. ಆದಕಾರಣ ಈ ಗೃಹಸ್ಥನನ್ನು ನಮ್ಮ ಚರಿತ್ರೆಯ ಹೊರಗಿನವನೆಂದು ಎಣಿಸತಕ್ಕದ್ದಿಲ್ಲ.

ಈ ಸಮಾಚಾರವೆಲ್ಲ ಉಳಿದುದು ಹೇಗೆಂಬುದನ್ನು ಮೊದಲು ಹೇಳಬೇಕು. ದೇವರ ನಾಮವು ಬರೆದಿರಬಹುದಾದ ಯಾವ ಕಾಗದವನ್ನೂ ಸುಡಬಾರದು, ಹರಿದೆಸೆಯಬಾರದು ಎಂದು ಯೆಹೂದ್ಯರಲ್ಲಿ ಒಂದು ನಿಯಮವಿದೆ. ಹಳೆಯ ಕಾಗದಗಳನ್ನು ದೇವಾಲಯಕ್ಕೆ ಸೇರಿದ ಒಂದು ಕೋಣೆಯಲ್ಲಿ ಹಾಕಿಟ್ಟು, ಮುಂದೆ ಮಣ್ಣಿನಲ್ಲಿ ಹೂಳುವುದು ಪದ್ಧತಿ. ಆ ಕೋಣೆಗೆ ಗೆನಿಜಾ ಎಂದು ಹೆಸರು. ಈಜಿಪ್ಟಿನ ಹಳೆಯ ಕೈರೋ ನಗರದಲ್ಲಿ, ಎಂದರೆ ಫುಸ್ತಾತಿನಲ್ಲಿ, ಬೆನ್ ಎಜ್ರಾ ಎಂಬ ಯೆಹೂದ್ಯ ದೇವಾಲಯದ ಗೆನಿಜಾದಲ್ಲಿ ಶತಮಾನಗಳ ಕಾಲ ಹಾಕುವುದೊಂದು ನಡೆದು, ತೆಗೆದು ಹೂಳುವುದು ನಡೆಯದೆ ಹೋಯಿತು. ಆ ದೇಶದಲ್ಲಿ ಮಳೆ ಅತ್ಯಲ್ಪವಾದುದರಿಂದ ಕಾಗದ ಕೊಳೆಯಲಿಲ್ಲ. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ವಿದುಷಿಯರಾದ ಇಬ್ಬರು ಸೋದರಿಯರು ತಾವು ತಂದ ಕೆಲವು ಹಾಳೆಗಳನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿದ್ಯಾಪೀಠದ ಪಂಡಿತ ಸಾಲೊಮನ್ ಶೆಕ್ಟರ್ ಎಂಬವರಿಗೆ ತೋರಿಸಿದರು. ಶೆಕ್ಟರ್ ಪಂಡಿತರು ಅದೇ ವರ್ಷದ ಕೊನೆಯಲ್ಲಿ ಕೈರೋವಿಗೆ ಹೋಗಿ, ಧೂಳಿನಲ್ಲಿ ಉಸಿರು ಕಟ್ಟಿಕೊಂಡು, ಆ ರಾಶಿಯಲ್ಲಿ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಈಗ ಅಲ್ಲಿರುವ ತುಂಡುಗಳೇ 1,90,000ಕ್ಕೆ ಮಿಗಿಲಾಗಿವೆ. ಉಳಿದುವು ರಷ್ಯಾ, ಅಮೆರಿಕಾ ಮೊದಲಾದ ಕಡೆಗಳಿಗೆ ಚದುರಿಹೋದುವು.

ಕಾಗದವನ್ನು ಕಾಲಿನಿಂದ ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಗೌರವವು ಅಪರಿಚಿತವಲ್ಲ. ಆದರೆ ನಮ್ಮ ಹಿರಿಯರು ಜೀರ್ಣವಾದ ತಾಳೆಯೋಲೆಗಳನ್ನು ಹೊಳೆಗೆ ಬಿಡುತ್ತಿದ್ದರು. ಭಾವವೊಂದೇ, ಪರಿಣಾಮ ಮಾತ್ರ ಬೇರೆ. ಅವರದು ಕೋಣೆಗೆ ಹೋಗಿ ಉಳಿಯಿತು, ನಮ್ಮದು ನೀರಿಗೆ ಹೋಗಿ ಅಳಿಯಿತು. ನಮ್ಮ ಗೌನಿಪಲ್ಲಿಯ ಕಡೆ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದಿರುವುದರಿಂದ ಓಲೆಗಳು ಉಳಿಯಬೇಕಾಗಿದ್ದಿತಲ್ಲವೇ ಎಂದು ಯಾರಾದರೂ ಕೇಳಬಹುದು. ನೀರಿಲ್ಲದ ಕಡೆ ಬಚ್ಚಲ ಒಲೆಯಿದೆಯಷ್ಟೆ.

ಪ್ರಕೃತಕ್ಕೆ ಬರುವೆವು. ಕೈರೋವಿನ ಆ ತುಂಡುಗಳಲ್ಲಿ ಹಿಂದೂದೇಶದ ವ್ಯಾಪಾರಕ್ಕೆ ಸಂಬಂಧಪಟ್ಟವುಗಳನ್ನು ಹೆಕ್ಕಿ ತೆಗೆಯುವುದಕ್ಕೆ ಒಬ್ಬ ವಿದ್ವಾಂಸರು ತಮ್ಮ ಆಯುಸ್ಸಿನ ಉತ್ತರಾರ್ಧವನ್ನು ವೆಚ್ಚಮಾಡಿದರು. ಅವರ ಹೆಸರು ಎಸ್. ಡಿ. ಗೊಯ್ಟೈನ್. ಜರ್ಮನಿಯಲ್ಲಿ 1900ರಲ್ಲಿ ಹುಟ್ಟಿ, ಜೆರೂಸಲೇಮಿನಲ್ಲಿಯೂ ಅಮೆರಿಕೆಯಲ್ಲಿಯೂ ಅಧ್ಯಾಪಕರಾಗಿದ್ದು 1985ರಲ್ಲಿ ತೀರಿಕೊಂಡರು. ಅವರು ಅರ್ಧದಲ್ಲಿ ಬಿಟ್ಟುಹೋದ ಸಂಗ್ರಹವನ್ನು ಶಿಷ್ಯರಾದ ಮೊರ್ದೆಖಾಯ್ ಫ್ರೀಡ್ಮನ್ ಎಂಬವರು ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆ ಸಂಗ್ರಹದಲ್ಲಿ ಒಂದು ಭಾಗವೆಲ್ಲವೂ ನಮ್ಮ ಬೆನ್ ಯಿಜುವಿನ ಕಾಗದಗಳೇ. ಒಂದು ಹಾಳೆಯ ಅರ್ಧ ಕೇಂಬ್ರಿಜ್ಜಿನಲ್ಲಿ, ಉಳಿದರ್ಧ ಮತ್ತೊಂದು ದೇಶದಲ್ಲಿ ಸಿಕ್ಕುವ ಈ ರಾಶಿಯಲ್ಲಿ ಕೈಬರಹವನ್ನು ಗುರುತು ಹಿಡಿದು ಒಬ್ಬ ಮನುಷ್ಯನ ಬಾಳನ್ನು ಜೋಡಿಸುವುದೆಂದರೆ ಸಾಮಾನ್ಯದ ಶ್ರಮವಲ್ಲ. ನಮ್ಮ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಮಾತು ತೆಲುಗು, ಲೆಕ್ಕ ಕನ್ನಡ ಅಕ್ಷರದಲ್ಲಿ ಇರುವಂತೆ, ಈ ಯೆಹೂದ್ಯ ವರ್ತಕರು ಆಡುವ ಅರಬ್ಬೀ ಮಾತನ್ನು ಹೀಬ್ರೂ ಅಕ್ಷರದಲ್ಲಿ ಬರೆಯುತ್ತಿದ್ದರು. ಎರಡನ್ನೂ ಬಲ್ಲವರಿಗಲ್ಲದೆ ಅದು ದಕ್ಕುವುದಿಲ್ಲ.

ಬೆನ್ ಯಿಜುವಿನ ಚೀಟಿಗಳು ಇಷ್ಟೊಂದು ಉಳಿದುದಕ್ಕೆ ಇನ್ನೊಂದು ಕಾರಣವುಂಟು. ನಮಗೆ ಬಹಳ ರುಚಿಸಿದ ಸಂಗತಿಯೂ ಇದೇ. ಆ ಕಾಲಕ್ಕೆ ನಮ್ಮಲ್ಲಿ ಬರೆವಣಿಗೆಯೆಲ್ಲ ಓಲೆಯ ಮೇಲೆ, ಕಾಗದ ದೊರೆಯುತ್ತಿರಲಿಲ್ಲ. ಓಲೆಯ ಮೇಲೆ ಕಂಟದಿಂದ ಬರೆಯುವ ಅಭ್ಯಾಸವಿಲ್ಲದ ಈತನಿಗೆ ಏಡನ್ನಿನ ಮಿತ್ರರು ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು ಇವುಗಳ ಜೊತೆಗೆ ಈಜಿಪ್ಟಿನ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ದುರ್ಲಭವಾದ ವಸ್ತುವನ್ನು ಯಾರು ತಾನೇ ಬಿಸಾಡುವರು? ಬಂದ ಪತ್ರದ ಅಂಚಿನಲ್ಲಿ ಲೆಕ್ಕ, ಬೆನ್ನಿನಲ್ಲಿ ಉತ್ತರದ ಕರಡು, ಮೂಲೆಯಲ್ಲಿ ತನ್ನ ಧರ್ಮಶಾಸ್ತ್ರದ ಟಿಪ್ಪಣಿ, ಜಾಗ ಉಳಿದರೆ ಪದ್ಯರಚನೆ. ಹೀಗೆ ಬರೆದು ತುಂಬಿದ ಕಾಗದಗಳನ್ನೆಲ್ಲ ಕಟ್ಟಿಟ್ಟುಕೊಂಡು, ಊರು ಬಿಡುವಾಗ ಜೊತೆಯಲ್ಲಿ ಒಯ್ದನು. ಕೊನೆಗೆ ಅವನು ಈಜಿಪ್ಟಿಗೆ ಹೋದುದರಿಂದ ಕಟ್ಟು ಆ ಗೆನಿಜಾ ಕೋಣೆಯನ್ನು ಸೇರಿತು. ಕಾಗದ ಹೇರಳವಾಗಿದ್ದಿದ್ದರೆ ಅವನ ಬಾಳು ನಮಗೆ ಇಷ್ಟು ತಿಳಿಯುತ್ತಿರಲಿಲ್ಲ.

ಮಂಗಳೂರಿನಲ್ಲಿ ಅವನ ವ್ಯಾಪಾರವೇನೆಂದರೆ: ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವುಗಳನ್ನು ಕೊಂಡು ಏಡನ್ನಿಗೆ ಕಳುಹಿಸುವುದು, ಅದರೊಡನೆ ಒಂದು ಕಂಚುಗಾರರ ಕಾರ್ಖಾನೆಯನ್ನೂ ನಡೆಸುತ್ತಿದ್ದನು. ಏಡನ್ನಿನವರು ತಮ್ಮ ಮನೆಯ ಒಡಕು ತಾಮ್ರದ ಪಾತ್ರೆಗಳನ್ನು ತೂಕ ಸಮೇತ ಪಟ್ಟಿಮಾಡಿ ಹಡಗಿನಲ್ಲಿ ಕಳುಹಿಸಿ, ಇದರಿಂದ ಇಂತಹ ಅಳತೆಯ ತಂಬಿಗೆ, ಇಂತಹ ಬೋಗುಣಿ, ಮಿಕ್ಕುದರಿಂದ ಒಂದು ದೀಪ ಮಾಡಿಸಿ ಕಳುಹಿಸು ಎಂದು ಬರೆಯುತ್ತಿದ್ದರು. ಹಳೆಯ ಪಾತ್ರೆ ಕೊಟ್ಟು ಹೊಸತು ಕೊಳ್ಳುವ ನಮ್ಮ ಗೃಹಿಣಿಯರಿಗೆ ಈ ವ್ಯವಹಾರವನ್ನು ವಿವರಿಸಿ ಹೇಳಬೇಕಾದುದಿಲ್ಲ. ಅದು ಸಮುದ್ರದ ಆಚೆಯಿಂದ ನಡೆಯುತ್ತಿದ್ದಿತೆಂಬುದೊಂದೇ ವಿಶೇಷ. ವ್ಯಾಪಾರದಲ್ಲಿ ಜಾತಿಮತಗಳ ಭೇದ ಕಾಣುವುದಿಲ್ಲ. ಏಡನ್ನಿನ ಯೆಹೂದ್ಯರ ಮುಖಂಡನಾದ ಮದ್ಮೂನ್ ಎಂಬ ಶ್ರೀಮಂತನು ಬರೆದ ಪತ್ರದಲ್ಲಿ ಇಸ್ಹಾಕನೆಂಬ ಬನಿಯನ ಹೆಸರಿದೆ. ಶೆಟ್ಟಿಯೆಂದು ಓದಬಹುದಾದ ಹೆಸರಿದೆ. ಹಡಗಿನ ಒಡೆಯರ ಪೈಕಿ ಪಟ್ಟಣಸ್ವಾಮಿ ಎಂಬ ಹೆಸರೂ ಕಾಣುವುದು. ಪಟ್ಟಣಸ್ವಾಮಿಯೆಂಬುದು ನಮ್ಮ ಶಾಸನಗಳಲ್ಲಿ ವರ್ತಕಪ್ರಮುಖರಿಗೆ ಸಲ್ಲುವ ಬಿರುದೆಂದು ಬಲ್ಲ ವಾಚಕರು ಇದನ್ನು ಓದಿ ಸಂತೋಷಪಡುವರು.

ಮುಳುಗಿದ ಬಾಕಿಯ ಕಥೆಯೂ ಇದೆ. ಕಾರ್ದಾರನೆಂದು ಕರೆಯಲ್ಪಟ್ಟ ಒಬ್ಬನು ಏಲಕ್ಕಿಯನ್ನು ಒದಗಿಸುವೆನೆಂದು ಮುಂಗಡ ಹಣ ಪಡೆದು, ಏಲಕ್ಕಿಯನ್ನೂ ಕೊಡಲಿಲ್ಲ, ಹಣವನ್ನೂ ಹಿಂತಿರುಗಿಸಲಿಲ್ಲ. ಏಡನ್ನಿನ ಪಾಲುದಾರರು ಪತ್ರದ ಮೇಲೆ ಪತ್ರ ಬರೆದು ಅದನ್ನು ಕೇಳುತ್ತಲೇ ಇದ್ದರು. ಬೆನ್ ಯಿಜು ಅವನ ಮೇಲೆ ಬಿಗಿಮಾಡಲು ಹಿಂಜರಿದಂತೆ ತೋರುತ್ತದೆ. ಅವನ ಮನೆಯ ಸಂಬಂಧಗಳನ್ನು ನೋಡಿದರೆ ಈ ಹಿಂಜರಿಕೆಗೆ ಕಾರಣವಿದ್ದೀತೆಂದು ವಿದ್ವಾಂಸರು ಊಹಿಸುವರು. ಈಗ ಆ ಸಂಬಂಧದ ಮಾತನ್ನೇ ಎತ್ತಬೇಕಾಗಿದೆ.

ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗಿನ ಸಂಗ್ರಹದಲ್ಲಿರುವ ಒಂದು ಹಾಳೆಯಲ್ಲಿ ಬೆನ್ ಯಿಜುವಿನ ಕೈಬರಹವಿದೆ. ಅದರ ತೇದಿ 1132ನೆಯ ಇಸವಿ ಅಕ್ಟೋಬರ್ 17, ಎಂದರೆ ಶಾಲಿವಾಹನ ಶಕ 1054ನೆಯ ಪರಿಧಾವಿ ಸಂವತ್ಸರದ ಶರತ್ಕಾಲ, ಸ್ಥಳ ಮಂಗಳೂರು. ತಾನು ಕೊಂಡಿದ್ದ ಅಶು ಎಂಬ ದಾಸಿಯನ್ನು ಈ ದಿವಸ ಬಿಡುಗಡೆ ಮಾಡಿರುವೆನೆಂದೂ, ಇನ್ನು ಮುಂದೆ ಅವಳ ಮೇಲೆ ಯಾರಿಗೂ ಅಧಿಕಾರವಿಲ್ಲವೆಂದೂ ಅದರ ತಾತ್ಪರ್ಯ. ಆ ದಿನದಿಂದ ಅವಳಿಗೆ ಬೆರಾಖಾ ಎಂದು ಯೆಹೂದ್ಯರ ಹೆಸರಾಯಿತು. ಆಶೀರ್ವಾದವೆಂದು ಅದರ ಅರ್ಥ. ಅವನು ಅವಳನ್ನು ವಿವಾಹಮಾಡಿಕೊಂಡು, ಅವಳಲ್ಲಿ ಮಕ್ಕಳನ್ನು ಪಡೆದನೆಂದು ಗೊಯ್ಟೈನ್ ಪಂಡಿತರ ನಿರ್ಣಯ. ಬೇರೊಂದು ಲೆಕ್ಕದ ಚೀಟಿಯಲ್ಲಿ ಭಾವಮೈದುನನ ಹೆಸರಿನಲ್ಲಿ ಬರೆದ ಬಾಬೊಂದಿದ್ದು, ಅಲ್ಲಿ ನಾಯರ್ ಎಂದು ಓದಬಹುದಾದ ಅಕ್ಷರಗಳಿರುವುದರಿಂದ, ಅಶು ಮಲೆಯಾಳದ ನಾಯರ ಕುಲದವಳಾಗಿದ್ದಳೆಂದು ಊಹಿಸಿರುವರು.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಮಗುವಿನ ಸ್ಥಿತಿಯು ತಾಯಿಯನ್ನು ಅನುಸರಿಸುವುದು. ತಾಯಿ ದಾಸಿಯಾದರೆ ಮಕ್ಕಳಿಗೆ ಕುಲದಲ್ಲಿ ಸ್ಥಾನವಿಲ್ಲ. ನಮ್ಮ ತುಳುನಾಡಿನ ಅಳಿಯಸಂತಾನದಲ್ಲಿಯೂ ನಾಯರರ ಮರುಮಕ್ಕತ್ತಾಯದಲ್ಲಿಯೂ ಬಹುಕಾಲ ವಂಶವು ತಾಯಿಯ ಕಡೆಯಿಂದಲೇ ಎಣಿಸಲ್ಪಡುತ್ತಿದ್ದಿತು. ಮನೆಗೆ ಯಜಮಾನನು ತಾಯಿಯ ಸೋದರನು. ಹೀಗೆ ಎರಡು ಕಡೆಯ ಪದ್ಧತಿಗಳೂ ತಾಯಿಯನ್ನೇ ಕೇಳುವಂತಹವು. ಆದಕಾರಣ ಆ ಒಂದು ಬಿಡುಗಡೆಯ ಪತ್ರದ ಮೇಲೆ ಇಡೀ ಸಂಸಾರದ ಮಾನವು ನಿಂತಿದ್ದಿತು. ಇಂತಹ ಸಂಬಂಧದಲ್ಲಿ ಹುಟ್ಟಿದ ಮಕ್ಕಳ ಯೋಗ್ಯತೆಯನ್ನು ಕುರಿತ ಧರ್ಮಪ್ರಶ್ನೆಗಳು ಬೆನ್ ಯಿಜುವಿನ ಕೈಬರಹದಲ್ಲಿಯೇ ಉಳಿದಿರುವುದನ್ನು ನೋಡಿದರೆ, ಅವನ ಸ್ವಜನರು ಏನಾದರೂ ಆಡಿಕೊಂಡಿದ್ದಿರಬೇಕೆಂದು ತೋರುವುದು. ಲೋಕದ ಬಾಯಿ ಎಲ್ಲ ಕಾಲಕ್ಕೂ ಒಂದೇ. ಅಶುವಿನ ಬಾಯಿಂದ ಬಂದ ಒಂದು ಮಾತಾದರೂ ಈ ಕಾಗದಗಳಲ್ಲಿ ಇಲ್ಲ. ಅವಳನ್ನು ಕೊಂಡವನ ಬರಹದಲ್ಲಿ ಅವಳು ಕಾಣುವಳು, ಬಿಟ್ಟವನ ಬರಹದಲ್ಲಿಯೂ ಕಾಣುವಳು, ಇಬ್ಬರೂ ಒಬ್ಬನೇ.

ಇನ್ನೊಬ್ಬನುಂಟು, ಅವನಂತೂ ನಮ್ಮವನೇ. ಬೆನ್ ಯಿಜುವಿಗೆ ಒಬ್ಬ ಆಳಿದ್ದನು. ದಾಸನೆಂದು ಕರೆದಿದ್ದರೂ, ಆ ಕಾಲದ ವ್ಯಾಪಾರದಲ್ಲಿ ಇಂತಹ ದಾಸನು ಗುಮಾಸ್ತೆಯೂ ಪ್ರತಿನಿಧಿಯೂ ಆಗಿರುತ್ತಿದ್ದನು. ಒಡೆಯನ ಸರಕನ್ನು ತಾನೇ ಏಡನ್ನಿಗೆ ಕೊಂಡೊಯ್ದು ಲೆಕ್ಕ ಒಪ್ಪಿಸಿ ಬರುತ್ತಿದ್ದನು. ಅವನ ಹೆಸರನ್ನು ಪತ್ರಗಳಲ್ಲಿ ಬ, ಮ ಎಂಬೆರಡು ವ್ಯಂಜನಗಳಿಂದ ಬರೆದಿದೆ. ಹೀಬ್ರೂ ಬರಹದಲ್ಲಿ ಸ್ವರಗಳನ್ನು ಪೂರ್ತಿಯಾಗಿ ತೋರಿಸುವುದಿಲ್ಲವಾದುದರಿಂದ ಅದನ್ನು ಬಾಮ ಎಂದು ಓದುತ್ತಿದ್ದರು. 1942ರಲ್ಲಿ ಜೆರೂಸಲೇಮಿನ ಒಂದು ಹೀಬ್ರೂ ಪತ್ರಿಕೆಯಲ್ಲಿ, 1148ರಲ್ಲಿ ಏಡನ್ನಿನಿಂದ ಬಂದ ಒಂದು ಪತ್ರವು ಅಚ್ಚಾದಾಗ ಈ ಆಳಿನ ಪ್ರಸ್ತಾಪವು ಮೊದಲು ಬೆಳಕಿಗೆ ಬಂದಿತು. ಮುಂದೆ ಬಂಗಾಳದ ಮನೆತನದ ಇಂಗ್ಲಿಷ್ ಲೇಖಕರಾದ ಅಮಿತಾವ್ ಘೋಷರು ಇವನ ಹೆಜ್ಜೆಯನ್ನು ಹುಡುಕುತ್ತ ಹೀಬ್ರೂ ಅಕ್ಷರದ ಅರಬ್ಬಿಯನ್ನು ಕಲಿತು, ಮಂಗಳೂರಿಗೂ ಬಂದರು. ಅಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಬಿ. ಎ. ವಿವೇಕ ರೈಗಳ ನೆರವಿನಿಂದ ಆ ಹೆಸರು ಬೊಮ್ಮ ಎಂಬುದಾಗಿ ಬಿಡಿಸಿಕೊಂಡಿತು. ಬ್ರಹ್ಮ ಶಬ್ದದ ತದ್ಭವವಾದ ಬೊಮ್ಮನು ನಮ್ಮ ಶಾಸನಗಳಲ್ಲಿ ಎಷ್ಟು ಸಾರಿ ಬರುವನೆಂಬುದಕ್ಕೆ ಲೆಕ್ಕವಿಲ್ಲ. ನಮ್ಮ ಹಳ್ಳಿಗಳಲ್ಲಿ ಬೊಮ್ಮಣ್ಣ, ಬೊಮ್ಮಯ್ಯ ಇಂದಿಗೂ ಉಂಟು. ದೊಡ್ಡ ದೊಡ್ಡ ಪಂಡಿತರನ್ನು ಕಾಡಿದ ಎರಡಕ್ಷರಕ್ಕೆ ಕನ್ನಡ ತುಳು ಬಲ್ಲವರ ಕಿವಿಯು ಸ್ವರವನ್ನು ಕೊಟ್ಟಿತು. ಘೋಷರು ಈ ಕಥೆಯನ್ನು 1992ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು.

ಬೊಮ್ಮನು ಸಾಧುವೇನಲ್ಲ. ಸುಮಾರು 1135ರಲ್ಲಿ ಏಡನ್ನಿಗೆ ಹೋದವನು ಅಲ್ಲಿ ಕುಡಿದು ಗಲಾಟೆಮಾಡಿ, ತನ್ನ ಸಂಬಳ ಸಾಲದೆಂದು ಮದ್ಮೂನನನ್ನು ಹಣಕ್ಕಾಗಿ ಪೀಡಿಸಿದನೆಂದು ಆ ಶ್ರೀಮಂತನೇ ಬೆನ್ ಯಿಜುವಿಗೆ ದೂರು ಬರೆದಿರುವನು. ಅವನ ತಿಂಗಳ ಸಂಬಳ ಎರಡು ದೀನಾರುಗಳು. ಹೀಗಾದರೂ ಒಡೆಯನು ಅವನನ್ನು ಬಿಡಲಿಲ್ಲ. ವರ್ಷಗಳು ಕಳೆದಂತೆ ಏಡನ್ನಿನ ವರ್ತಕರು ಪತ್ರದ ಕೊನೆಯಲ್ಲಿ ಬೊಮ್ಮನಿಗೂ ವಂದನೆ ಬರೆಯತೊಡಗಿದರು. ಸೋದರನೆಂದೂ ಶೇಖನೆಂದೂ ಗೌರವದಿಂದ ಹೇಳಿದರು. ಕುಡಿದು ಕುಣಿದ ಆಳು ಹದಿಮೂರು ವರ್ಷಗಳಲ್ಲಿ ಸಮುದ್ರದಾಚೆಯ ಶ್ರೀಮಂತರಿಂದ ಕುಶಲಪ್ರಶ್ನೆಗೆ ಪಾತ್ರನಾದನು.

ಬೆನ್ ಯಿಜು ತನ್ನ ವಂಶಾವಳಿಯನ್ನು ತಾನೇ ಬರೆದಿಟ್ಟಿದ್ದರೆ ಈ ಬೊಮ್ಮನು ಅದರಲ್ಲಿ ಇರುತ್ತಿದ್ದನೇ? ಇರುತ್ತಿರಲಿಲ್ಲವೆಂದು ನಾವು ದೃಢವಾಗಿ ಹೇಳುವೆವು. ಅಶುವಿನ ಹೆಸರೂ ಅದೇ ರೂಪದಲ್ಲಿ ಇರುತ್ತಿರಲಿಲ್ಲ. ಬೆರಾಖಾ ಎಂಬ ಗೌರವದ ಹೆಸರೊಂದು ಇದ್ದು, ಹಿಂದಿನದು ಅಳಿಸಿಹೋಗುತ್ತಿತ್ತು. ವಂಶಾವಳಿಯೆಂಬುದು ಮನೆತನದವರು ಲೋಕಕ್ಕೆ ತೋರಿಸಬೇಕೆಂದು ಬರೆಯುವುದು. ಅಲ್ಲಿ ಎಲ್ಲರೂ ಸದ್ಗೃಹಸ್ಥರು, ಎಲ್ಲರೂ ಅನ್ನದಾನಿಗಳು. ಲೆಕ್ಕದ ಚೀಟಿಯಾದರೋ ಮರೆಯಬಾರದೆಂದು ತನಗಾಗಿ ಬರೆದುಕೊಳ್ಳುವುದು. ಎರಡು ದೀನಾರು ಸಂಬಳ ಕೊಟ್ಟುದನ್ನು ಬರೆಯದಿದ್ದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದು; ಆದುದರಿಂದ ಬೊಮ್ಮನು ಉಳಿದನು.

ಇನ್ನು ಅವನ ಸಂಸಾರದ ಕೊನೆ. 1148ರಲ್ಲಿ ಸಿಸಿಲಿ ದ್ವೀಪದ ಅರಸನಾದ ರಾಜರನು ಮಹದಿಯಾ ಪಟ್ಟಣವನ್ನು ಹಿಡಿದನು. ಬೆನ್ ಯಿಜುವಿನ ಬಂಧುಗಳು ಚದುರಿಹೋದರು. ಅವನು 1149ರಲ್ಲಿ ಮಕ್ಕಳನ್ನೂ ಗಳಿಸಿದ ಆಸ್ತಿಯನ್ನೂ ಕಟ್ಟಿಕೊಂಡು ಹಿಂದೂದೇಶವನ್ನು ಬಿಟ್ಟು ಏಡನ್ನಿಗೆ ಬಂದು, ಸೆಪ್ಟೆಂಬರ್ 11ನೆಯ ತೇದಿ ಸೋದರರಿಗೆ ಒಂದು ಪತ್ರ ಬರೆದನು. ತಾನು ಸುಖವಾಗಿ ತಲುಪಿರುವುದಾಗಿಯೂ, ಸಾಕಷ್ಟು ಗಳಿಸಿರುವುದಾಗಿಯೂ, ನೀವು ಕಷ್ಟದಲ್ಲಿರುವಿರೆಂದು ಕೇಳಿದೆನು, ಬನ್ನಿರಿ, ಇದ್ದುದನ್ನು ಹಂಚಿಕೊಂಡು ಬಾಳುವ ಎಂಬುದಾಗಿಯೂ ಅದರ ಸಾರ. ಆ ಪತ್ರವನ್ನು ಓದಿದವರಿಗೆ ಗಂಟಲು ಕಟ್ಟದಿರದು. ಫಲವೇನಾಯಿತು? ಮುಬಷ್ಷಿರನೆಂಬ ಸೋದರನು ಅಣ್ಣನ ಹಣವನ್ನು ತಿಂದುಹಾಕಿದನು. ಮಗನು ತೀರಿಕೊಂಡನು. ಮಗಳು ಸಿತ್ತ್ ಅಲ್-ದಾರ್, ಎಂದರೆ ಗೃಹದ ಒಡತಿ, ಒಬ್ಬಳೇ ಉಳಿದಳು. ಏಡನ್ನಿನಲ್ಲಿ ಅವಳನ್ನು ಮೂರು ವರ್ಷ ಮನೆಯಲ್ಲಿಟ್ಟುಕೊಂಡು ಸಲಹಿದ ಮಿತ್ರರು ತಮ್ಮ ಹುಡುಗನಿಗೆ ಅವಳನ್ನು ತಂದುಕೊಳ್ಳುವ ಇಚ್ಛೆಯುಳ್ಳವರಾಗಿದ್ದರು. ತಂದೆ ಒಪ್ಪಲಿಲ್ಲ, ಕೊಟ್ಟರೆ ಅಣ್ಣತಮ್ಮಂದಿರ ಮಗನಿಗೇ ಕೊಡುವೆನೆಂದು ಹಟ ಹಿಡಿದನು. ಯೂಸುಫನೆಂಬ ಇನ್ನೊಬ್ಬ ಸೋದರನ ಮಗ ಪೆರಹ್ಯನು ಸಿಸಿಲಿಯಿಂದ ಬಂದನು. ಅಜ್ಜನ ಹೆಸರಿನ ಮೊಮ್ಮಗ. 1156ರಲ್ಲಿ ಫುಸ್ತಾತಿನಲ್ಲಿ ವಿವಾಹವಾಯಿತು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲಿ ವಿವಾಹವು ನಮಗೆ ನಿಷಿದ್ಧವಾದುದರಿಂದ ವಾಚಕರು ಹುಬ್ಬೇರಿಸಬಹುದು. ಅವರಲ್ಲಿ ಅದು ಪ್ರಶಸ್ತ. ಮಗಳಿಗೆ ಕೊಟ್ಟ ಒಡವೆ ವಸ್ತ್ರಗಳ ಪಟ್ಟಿಯೂ ಉಳಿದಿದೆ. ಆ ಬಳಿಕ ಬೆನ್ ಯಿಜುವಿನ ಸುಳಿವು ಕಾಗದಗಳಲ್ಲಿಲ್ಲ. ಅಳಿಯನು ಮುಂದೆ ಈಜಿಪ್ಟಿನ ಒಂದು ಊರಿನಲ್ಲಿ ನ್ಯಾಯಾಧಿಪತಿಯಾದನು.

ಮಂಗಳೂರಿನಲ್ಲಿ ಹುಟ್ಟಿದ ಆ ಹುಡುಗಿಯ ತಾಯಿಯ ಹೆಸರು ಪ್ರಯಾಣದ ಅನಂತರದ ಪತ್ರಗಳಲ್ಲಿ ಕಾಣುವುದಿಲ್ಲ.

ಇದನ್ನೆಲ್ಲ ಓದಿದ ಗೃಹಸ್ಥರು, ನಮ್ಮ ಮನೆಯಲ್ಲಿ ಗೆನಿಜಾ ಎಲ್ಲಿಂದ ಬರಬೇಕು ಎಂದಾರು. ಇರುವುದನ್ನು ನೋಡಿಕೊಂಡರೆ ಸಾಕು. ಕ್ರಯಪತ್ರವೆಂದರೆ ಜಮೀನಿನ ವಿಸ್ತೀರ್ಣವನ್ನು ಮಾತ್ರ ನೋಡಿ ಮಡಿಚಿಡುವುದು ರೂಢಿ. ಅದರ ಚಕ್ಕುಬಂದಿಯನ್ನು ಓದಿರಿ: ಪೂರ್ವಕ್ಕೆ ಇಂತಹವರ ಹೊಲ, ಪಶ್ಚಿಮಕ್ಕೆ ಇಂತಹವರ ತೋಟ. ಅಜ್ಜನ ನೆರೆಹೊರೆಯೆಲ್ಲ ಅಲ್ಲಿ ನಿಂತಿದೆ. ಕೆಳಗೆ ಸಾಕ್ಷಿ ಹಾಕಿದವರು ಬಹುಮಟ್ಟಿಗೆ ಬೀಗರೋ ದಾಯಾದಿಗಳೋ ಆಗಿರುವರು. ಬಿಕ್ಕಲಂ ಹಾಕಿದ ಶ್ಯಾನುಭೋಗರ ಕೈಬರಹ ಒಂದು ಸಾರಿ ಕಣ್ಣಿಗೆ ಪಳಗಿದರೆ ತೇದಿಯಿಲ್ಲದ ಚೀಟಿಯ ಕಾಲವನ್ನೂ ನಿರ್ಣಯಿಸಬಹುದು. ಹಳೆಯ ಪಂಚಾಂಗಗಳ ಅಂಚಿನಲ್ಲಿ ಹಿರಿಯರು ಹುಟ್ಟು, ಸಾವು, ಬಡ್ಡಿ, ಹಸು ಈದುದು ಎಲ್ಲವನ್ನೂ ಗೀಚಿರುವರು. ಜಾತಕವಿದ್ದರೆ ಅದು ಹುಟ್ಟಿದ ಗಳಿಗೆಯನ್ನು ಹೇಳುವುದು. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ತಾರೀಖನ್ನು ಮಾತ್ರ ನಂಬತಕ್ಕದ್ದಲ್ಲ. ಹುಡುಗನ ಎತ್ತರವನ್ನು ನೋಡಿ ಉಪಾಧ್ಯಾಯರು ಹಾಕಿದ ತಾರೀಖುಗಳು ಎಷ್ಟೋ ಉಂಟೆಂದು ಆ ವೃತ್ತಿಯಲ್ಲಿ ತಲೆ ನರೆತ ನಾವು ಹೇಳಬಲ್ಲೆವು.

ಎಲ್ಲಕ್ಕಿಂತಲೂ ಮದುವೆಯ ಮುಯ್ಯಿಪಟ್ಟಿಯನ್ನು ಜೋಪಾನಮಾಡಬೇಕು. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆಯುವಾಗ ಊರಿನ ಹೆಸರನ್ನೂ ಬರೆಯುವುದು ವಾಡಿಕೆ. ಹೆಣ್ಣಿನ ಕಡೆಯವರು, ಅವರ ತೌರಿನ ಕಡೆಯವರು, ಸೋದರಮಾವಂದಿರು, ಎಲ್ಲರೂ ಒಂದೇ ಕಡೆ ಸಿಕ್ಕುವುದು ಅಲ್ಲಿ ಮಾತ್ರ. ಪ್ರಪಿತಾಮಹಿಯ ಊರು ಯಾವುದೆಂಬ ಪ್ರಶ್ನೆಗೆ ಪುರೋಹಿತರೂ ಶ್ಯಾನುಭೋಗರೂ ಕೊಡಲಾರದ ಉತ್ತರವನ್ನು ಎಣ್ಣೆಮುಕ್ಕಿದ ಆ ಒಂದು ಪಟ್ಟಿಯು ಕೊಡುವುದು. ಅದರಲ್ಲಿ ನಾಲ್ಕಾಣೆ ಕೊಟ್ಟ ಅಗಸನ ಹೆಸರೂ, ವೀಳ್ಯದೆಲೆ ತಂದುಕೊಟ್ಟ ಒಕ್ಕಲಿನವನ ಹೆಸರೂ ಇದ್ದೀತು. ಪ್ರತಿಮಾಡುವಾಗ ಅವುಗಳನ್ನು ಬಿಡಬೇಡಿರಿ.

ಊರಿನ ಮಾತಾದರೆ, ಬಿ. ಎಲ್. ರೈಸ್ ಸಾಹೇಬರ ಶಾಸನಸಂಪುಟಗಳಲ್ಲಿ ಹತ್ತನೆಯದು ನಮ್ಮ ಕೋಲಾರ ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. ಶಾಸನಗಳನ್ನು ತಾಲ್ಲೂಕುವಾರಾಗಿ ಜೋಡಿಸಿರುವುದರಿಂದ ನಿಮ್ಮ ಊರನ್ನು ಹುಡುಕುವುದಕ್ಕೆ ಒಂದು ಮಧ್ಯಾಹ್ನ ಸಾಕು. ಗಯೆಗೆ ಹೋಗಿಬಂದ ಹಿರಿಯರಿದ್ದ ಮನೆಯವರು ಅಲ್ಲಿಯ ಪಂಡಾಗಳ ಪುಸ್ತಕದಲ್ಲಿ ಅವರ ರುಜುವನ್ನು ಕೇಳಿ ನೋಡಬಹುದು.

ಕೆಲವರ ಅಟ್ಟದಲ್ಲಿ ಕಡತಗಳೂ ಇರುವುವು. ಬಟ್ಟೆಗೆ ಇದ್ದಲಿನ ಪುಡಿಯನ್ನೂ ಹುಣಿಸೆಬೀಜದ ಅಂಬಲಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಾಡಿ, ಬಳಪದಿಂದ ಬರೆದ ಆ ಕರಿಯ ಪುಸ್ತಕಗಳನ್ನು ಒದ್ದೆಬಟ್ಟೆಯಿಂದ ಒರಸಲೇಕೂಡದು. ಧೂಳಿನೊಡನೆ ಅಕ್ಷರವೂ ಹೋಗುವುದು. ಹಳೆಯ ಕಡತದ ಮೋಡಿ ಅಕ್ಷರವನ್ನೂ, ಹಣ, ಅಡ್ಡ, ಬೇಳೆಗಳ ಲೆಕ್ಕದ ಗುರುತುಗಳನ್ನೂ ಓದುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು. ಅಷ್ಟರಲ್ಲಿ ವಾಚಕರು ಅವುಗಳನ್ನು ಅಟ್ಟದಿಂದ ಇಳಿಸಿ, 

ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿಟ್ಟುಕೊಂಡಿರಲಿ.